ಟವರ್ ಕೆಟ್ಟ ಭಾನುವಾರ

ಭಾನುವಾರ ಬೆಳಿಗ್ಗೆಯಿಂದ ಪರಶುರಾಮನ ಫೋನು ಒಂದೇ ಸಮನೆ ಬಡಿದುಕೊಳ್ಳುತ್ತಿತ್ತು. ಅವನು ಅದನ್ನು ಹಾವನ್ನು ನೋಡುವ ಕಪ್ಪೆಯಂತೆ ನೋಡುತ್ತ ಕುಳಿತಿದ್ದ. ಕರೆಯುತ್ತಿದ್ದವರು ಹರಿಹರದ ರೇವಣ್ಣ. ಅವನು ಕೆಲಸ ಮಾಡುವ ಪಂಪ್‌ಸೆಟ್ ಅಂಗಡಿಯ ಸಾಹುಕಾರರು. ಎತ್ತಿದರೆ ಅಂಗಡಿಗೆ ಬಾ ಎನ್ನುತ್ತಾರೆ. ಹೋದರೆ ಕುಕ್ಕುವಾಡದಲ್ಲಿ ಹೆಂಡತಿಯ ತಮ್ಮನ ನಿಶ್ಚಿತಾರ್ಥ ತಪ್ಪುತ್ತದೆ. ಹೆಂಡತಿ ಶಾಂತಲಾ ಆಗಲೇ ರೇಷ್ಮೆ ಸೀರೆ ಉಟ್ಟು ಬಾಗಿಲಲ್ಲಿ ನಿಂತಿದ್ದಳು.

ಕೊನೆಗೆ ಅವಳ ಫೋನೇ ಬಡಿದುಕೊಂಡಿತು. ಎತ್ತಿ ಗಂಡನ ಕಿವಿಗೆ ಹಿಡಿದಳು.

“ಯಾಕಪಾ, ಫೋನ್ ಎತ್ತವಲ್ಲಿ?”

“ನಮ್ಮ ವಿದ್ಯಾನಗರದಾಗ ನೆಟ್‌ವರ್ಕೇ ಇಲ್ರಿ ಸಾಹುಕಾರ್ರೆ. ಇವಳದು ಬ್ಯಾರೆ ಕಂಪನಿ, ಅದಕ್ಕ ಹತ್ತೈತೆ.”

“ರಿಂಗ್ ಆಗ್ತಿತ್ತಲ್ಲೋ?”

“ಅದು ನಿಮಗಷ್ಟೇ ಕೇಳ್ತೈತ್ರಿ.”

ಸುಳ್ಳು ಅಲ್ಲಿಗೇ ಮುಗಿಯಬೇಕಿತ್ತು. ಆದರೆ ರೇವಣ್ಣ ಕರುಣಾಳು. “ನಿನ್ನ ಫೋನಿನ ಕಂಪನಿಯಾಗ ನಮ್ಮ ಷಡ್ಡಕನೇ ಆಫೀಸರ್ ಅದಾನ. ಈಗ್ಲೇ ಜನ ಕಳಸ್ತೀನಿ. ಮನಿ ಬಿಟ್ಟು ಅಲ್ಲಾಡಬ್ಯಾಡ.”

ಕಂಪನಿಯ ಜೀಪು ಬಂದೇಬಿಟ್ಟಿತು. ಇಂಜಿನಿಯರ್ ಹಿದಾಯತ್ ಇಳಿದು ಪರಶುರಾಮನ ಫೋನು ನೋಡಿದ. ಸಿಗ್ನಲ್ಲಿನ ಗೀಟುಗಳು ಮದುವೆ ಮನೆಯ ಬಾಳೆಕಂಬದಂತೆ ನೆಟ್ಟಗೆ ನಿಂತಿದ್ದವು.

“ಫುಲ್ ಐತಲ್ರಿ?”

“ನಿಮ್ಮನ್ನ ನೋಡಿ ಬಂದೈತೆ.”

ಹಿದಾಯತ್ ವಾದಿಸಲಿಲ್ಲ. ಗ್ರಾಹಕರೊಂದಿಗೆ ವಾದಿಸಬಾರದೆಂದು ಕಂಪನಿ ಅವನಿಗೆ ಕಲಿಸಿತ್ತು. ಕ್ಷಮೆ ಕೇಳಿ ಜೀಪು ಹತ್ತುವಷ್ಟರಲ್ಲಿ ಎದುರುಮನೆಯ ಓಬಕ್ಕ ಅಡ್ಡ ನಿಂತಳು.

“ಅವನೊಬ್ಬಂದು ಸರಿ ಮಾಡಿ ಹೊಂಟೆಯಾ? ನನ್ನ ಮಗಳ ಕೂಡ ಮಾತಾಡೋವಾಗ ನಡುವೇ ಕಟ್ಟಾಗ್ತೈತೆ!”

ಕಟ್ ಮಾಡುವವಳು ಮಗಳೇ ಎಂಬುದು ಬೀದಿಗೆಲ್ಲ ಗೊತ್ತಿತ್ತು. ಆದರೂ ಬೀದಿ ಸೇರಿತು. ಕಂಪನಿಯವರನ್ನು ಕಣ್ಣಾರೆ ಕಂಡದ್ದೇ ತಡ, ಎಲ್ಲರಿಗೂ ತಂತಮ್ಮ ತಾಪತ್ರಯ ನೆನಪಾಯಿತು. ಒಬ್ಬರ ಡೇಟಾ ಮಧ್ಯಾಹ್ನಕ್ಕೇ ಖಾಲಿಯಾಗುತ್ತಿತ್ತು. ಇನ್ನೊಬ್ಬರಿಗೆ ಕರೆಂಟ್ ಬಿಲ್ಲು ಜಾಸ್ತಿ ಬಂದಿತ್ತು.

“ಪರಶುರಾಮ, ನೀನೇ ಹೇಳಪ್ಪ. ಇಲ್ಲಿ ನೆಟ್‌ವರ್ಕ್ ಐತೇನು?” ಗುಂಪಿನಲ್ಲಿ ಯಾರೋ ಕೂಗಿದರು.

ಅವನು ಹೆಂಡತಿಯ ಸೀರೆಯತ್ತ ಒಮ್ಮೆ ನೋಡಿ, “ಇಲ್ಲ” ಎಂದ.

ಗುಂಪಿಗೆ ಹೆದರಿದ ಹಿದಾಯತ್ ಪಕ್ಕದ ಬೀದಿಯ ಟವರ್ ಹತ್ತಿದ. ಏನಾದರೂ ಮಾಡಿದಂತೆ ಕಾಣಲೆಂದು ಒಂದು ಕೇಬಲ್ ಅಲ್ಲಾಡಿಸಿದ. ಅದು ಕೈಗೇ ಬಂತು. ಕೆಳಗೆ ಶಾಂತಲಾಳದೊಂದನ್ನು ಬಿಟ್ಟು ಇಡೀ ಬೀದಿಯ ಫೋನುಗಳು ಒಟ್ಟಿಗೆ ಸತ್ತವು. ಅವನು ಇಳಿದು, ಸಾಮಾನು ಹುಬ್ಬಳ್ಳಿಯಿಂದ ಬರಬೇಕೆಂದು ಹೇಳಿ, ಇನ್ನೊಮ್ಮೆ ಕ್ಷಮೆ ಕೇಳಿ ಹೊರಟುಹೋದ.

“ಸುಮ್ನಿದ್ದ ಟವರ್ ಕೆಡಿಸ್ದೆಲ್ಲೋ!” ಎಂದು ಓಬಕ್ಕ ಪರಶುರಾಮನ ಮೇಲೆ ಬಿದ್ದಳು. ಉಳಿದವರೂ ಬಿದ್ದರು. ಎಲ್ಲರಿಗೂ ಸಮಾಧಾನ ಹೇಳಿ ಒಳಗೆ ಬರುವ ಹೊತ್ತಿಗೆ ಕುಕ್ಕುವಾಡದಲ್ಲಿ ಹೋಳಿಗೆ ಊಟ ಮುಗಿದಿತ್ತು. ಶಾಂತಲಾ ರೇಷ್ಮೆ ಸೀರೆ ಮಡಚುತ್ತಿದ್ದಳು.

ಸಂಜೆ ಅವಳ ಫೋನಿಗೆ ಮತ್ತೆ ರೇವಣ್ಣ. ಪರಶುರಾಮನಲ್ಲಿ ಸುಳ್ಳಿಗೆ ಶಕ್ತಿ ಉಳಿದಿರಲಿಲ್ಲ. “ನೆಟ್‌ವರ್ಕ್ ಖರೇನ ಸತ್ತೈತ್ರಿ ಸಾಹುಕಾರ್ರೆ, ದೇವರಾಣೆ!”

“ಗೊತ್ತಪಾ, ಷಡ್ಡಕ ಹೇಳಿದ. ಸರಿಯಾಗಕ್ಕೆ ತಿಂಗಳು ಹಿಡೀತೈತಂತೆ. ಪಾಪ, ಎಷ್ಟು ಕಷ್ಟ ನಿನಗ! ನಮ್ಮ ಅಂಗಡಿ ಮ್ಯಾಲಿನ ರೂಮು ಖಾಲಿ ಐತೆ. ಅಲ್ಲೀತನಕ ಅಲ್ಲೇ ಇರು, ಇವತ್ತೇ ಬಾ. ಭಾನುವಾರ ಫೋನ್ ಮಾಡೋ ತ್ರಾಸೂ ಇಲ್ಲ, ಕೆಳಗ ನಿಂತು ಕೂಗಿದ್ರ ಆತು.”

ಪರಶುರಾಮ ಆಸರೆಗೆಂದು ಹೆಂಡತಿಯ ಮುಖ ನೋಡಿದ. ಶಾಂತಲಾ ಅವನ ಬಟ್ಟೆಗಳನ್ನು ಚೀಲಕ್ಕೆ ತುಂಬಿ, ಚಾರ್ಜರನ್ನು ಮರೆಯದೆ ಮೇಲಿಟ್ಟಳು.