ಎಡಗಿವಿ ಹರಿದ ಮಹನೀಯರಿಗೆ, ಗೋಣಿಮರದ ಕೆಳಗಿನಿಂದ

"ಎಲ್ಲಿ ನೋಡುದ್ರೂ ಇವೇ ಆಗೋಗವೆ, ಎಲ್ಲಿಂದ ಬರ್ತವೋ ಏನೋ" ಎಂದು ಅಂದವರು ಯಾರು, ಅಂದದ್ದು ಯಾವಾಗ ಎಂಬುದು ಈ ಕ್ಷಣಕ್ಕೆ ನನಗೆ ನೆನಪಾಗುತ್ತಿಲ್ಲ. ಆದರೆ ತಮ್ಮ ಸುದ್ದಿ ಬಂದಾಗಲೆಲ್ಲ ಈ ಮಾತು ಕಿವಿಯಲ್ಲಿ ಸುಳಿಯುವುದರಿಂದ, ಇದು ತಮ್ಮನ್ನು ಕುರಿತದ್ದೇ ಇರಬೇಕೆಂದುಕೊಂಡು ಪತ್ರವನ್ನು ಇಲ್ಲಿಂದಲೇ ಶುರು ಮಾಡುತ್ತಿದ್ದೇನೆ.

ಮಾನ್ಯರೇ,

ತುಮಕೂರಿನ ಮಾವಿನತೋಪು ಬಡಾವಣೆಯ ಮೂಲೆಮನೆಯಲ್ಲಿ ವಾಸವಾಗಿರುವ, ಪೇಟೆಯಲ್ಲಿ ಕನ್ನಡಕದ ಅಂಗಡಿ ಇಟ್ಟುಕೊಂಡಿರುವ ಅಕ್ರಂ ಪಾಷಾ ಎಂಬ ನಾನು ತಮಗೆ ಸಲಾಮುಗಳನ್ನು ಸಲ್ಲಿಸುತ್ತೇನೆ. ತಾವೂ ತಮ್ಮ ತುಂಬು ಸಂಸಾರವೂ ಕ್ಷೇಮವಾಗಿರುವಿರೆಂದು, ಕ್ಷೇಮವಲ್ಲದಿದ್ದರೂ ನಮಗಿಂತ ಎತ್ತರದಲ್ಲಂತೂ ಇರುವಿರೆಂದು ನಂಬಿದ್ದೇನೆ. ಕೋತಿಗಳಿಗೆ ಪತ್ರ ಬರೆಯುವ ವಾಡಿಕೆ ನಮ್ಮಲ್ಲಿಲ್ಲ. ಆದರೆ ಪತ್ರ ಬರೆದವರಿಗೆಲ್ಲ ಉತ್ತರ ಬರುವ ವಾಡಿಕೆಯೂ ನಮ್ಮಲ್ಲಿಲ್ಲವಾದ್ದರಿಂದ, ತಮ್ಮಿಂದ ಏನೂ ಬಾರದಿದ್ದರೆ ನಾನು ಬೇಸರ ಮಾಡಿಕೊಳ್ಳುವುದಿಲ್ಲ.

ವಿಷಯವನ್ನು ಮೊದಲೇ ಹೇಳಿಬಿಡುವುದು ಮರ್ಯಾದೆ. ನನ್ನ ಕಾಂಪೌಂಡಿನ ಮೂಲೆಯಲ್ಲಿ, ತಾವು ಹಗಲೆಲ್ಲ ಕಾಲು ಇಳಿಬಿಟ್ಟುಕೊಂಡು ಕೂರುವ ಆ ಗೋಣಿಮರವನ್ನು ಕಡಿಸಬೇಕೆಂದು ಬಡಾವಣೆಯ ಸಂಘದವರು ತೀರ್ಮಾನಿಸಿದ್ದಾರೆ. ಮರ ಇರುವುದರಿಂದ ತಾವು ಬರುತ್ತೀರಿ, ತಾವು ಬರುವುದರಿಂದ ಬಡಾವಣೆ ಹಾಳಾಗುತ್ತಿದೆ ಎಂಬುದು ಅವರ ವಾದ. ಮರ ನನ್ನ ಜಾಗದಲ್ಲಿರುವುದರಿಂದ ನನ್ನ ಒಪ್ಪಿಗೆ ಬೇಕು. ಬೇಸಿಗೆಯ ಮಧ್ಯಾಹ್ನ ನನ್ನ ಮನೆ ಮನೆಯಂತಿರುವುದು ಈ ಮರದಿಂದ; ನನಗೂ ನೆರೆಯವರಿಗೂ ಈಗ ಮಾತು ನಿಲ್ಲುವ ಹಂತಕ್ಕೆ ಬಂದಿರುವುದೂ ಈ ಮರದಿಂದಲೇ. ಆದ್ದರಿಂದ ತಮ್ಮ ಮೇಲೆ ದೂರು ಬರೆಯುವ ನೈತಿಕ ಹಕ್ಕು ಈ ಬೀದಿಯಲ್ಲಿ ಎಲ್ಲರಿಗಿಂತ ಹೆಚ್ಚಾಗಿ ನನಗಿದೆ ಎಂದು ಭಾವಿಸುತ್ತೇನೆ.

ಸಣ್ಣ ದೂರು ಮೊದಲು. ಕಳೆದ ತಿಂಗಳು ತಾವು ನಮ್ಮ ತಾರಸಿಯ ಮೇಲಿಂದ ನನ್ನ ಓದುವ ಕನ್ನಡಕವನ್ನು ತೆಗೆದುಕೊಂಡು ಹೋದಿರಿ. ಕನ್ನಡಕ ಮಾರುವವನ ಕನ್ನಡಕವೇ ಹೋಯಿತೆಂದು ಬೀದಿಯೆಲ್ಲ ನಕ್ಕಿತು. ತಾವು ಅದರ ಕಡ್ಡಿಯನ್ನು ಕಚ್ಚಿ ನೋಡಿ, ಗಾಜನ್ನು ನೆಕ್ಕಿ, ಕೊನೆಗೆ ಅದರ ಮೂಲಕ ಒಂದು ಗಳಿಗೆ ನನ್ನನ್ನೂ ನನ್ನ ಮನೆಯನ್ನೂ ನೋಡಿ ಮುಖ ತಿರುಗಿಸಿದಿರಿ. ಇಷ್ಟು ವರ್ಷ ಗಿರಾಕಿಗಳ ಮುಖ ನೋಡಿ ಬದುಕಿದ ನನಗೆ ಆ ಮುಖಭಾವ ಚೆನ್ನಾಗಿ ಗೊತ್ತು: ನಂಬರು ಸರಿಯಿದೆ, ಕಾಣುತ್ತಿರುವುದು ಸರಿಯಿಲ್ಲ.

ದೊಡ್ಡ ದೂರು ನನ್ನ ಹೆಂಡತಿ ಬಾನುವಿನದು. ರಂಜಾನಿಗೆಂದು ಅವಳು ಒಣಹಾಕಿದ್ದ ಶಾವಿಗೆಯನ್ನು ತಾವು ಸಪರಿವಾರ ಬಂದು ಒಂದಿಷ್ಟು ತಿಂದು, ಒಂದಿಷ್ಟನ್ನು ತುಳಿದು, ಉಳಿದದ್ದನ್ನು ಪಕ್ಕದ ಮನೆಯ ಆಂಟೆನಾಕ್ಕೆ ತೂಗುಹಾಕಿ ಹೋದಿರಿ. ಅವಳು ತಮಗೆ ಹೇಳಿಕಳಿಸಿದ ಮಾತುಗಳು ನಮ್ಮ ಮನೆಯ ಉರ್ದುವಿನಲ್ಲಿವೆ, ಬೈಗುಳ ಬಿಟ್ಟು ಕನ್ನಡಕ್ಕೆ ತಂದರೆ ಉಳಿಯುವುದು ಇಷ್ಟು: "ತಿನ್ನೋದಾದ್ರೆ ತಿನ್ಲಿ, ಹಾಳು ಯಾಕೆ ಮಾಡ್ಬೇಕು?" ನ್ಯಾಯವಾದ ಪ್ರಶ್ನೆ. ಅದಕ್ಕೂ ಹಿಂದೆ ಅವಳ ಅಣ್ಣನ ಮಗಳ ಮದುವೆಯಲ್ಲಿ, ಮಂಟಪದ ಹಿಂದಿನ ಗುಂಡಿಗೆ ಹಂಡೆಗಟ್ಟಲೆ ಬಿರಿಯಾನಿ ಸುರಿಯುತ್ತಿದ್ದುದನ್ನು ಕಂಡು ಅವಳು ಇದೇ ಪ್ರಶ್ನೆಯನ್ನು ನನಗೆ ಕೇಳಿದ್ದಳು. ನಾನು ಆಗ ಎರಡನೇ ಸಲ ಫಿರ್ನಿ ಹಾಕಿಸಿಕೊಳ್ಳುತ್ತಿದ್ದುದರಿಂದ ಉತ್ತರಿಸಲಾಗಲಿಲ್ಲ. ಬಿಡುವಾದಾಗ ತಾವು ಉತ್ತರಿಸಿದರೆ ಇಬ್ಬರ ಪರವಾಗಿಯೂ ಆಗುತ್ತದೆ.

ಇನ್ನು ತಮ್ಮ ಪ್ರವಾಸಗಳ ವಿಚಾರ. ನನ್ನ ಎದುರುಮನೆಯ ಲಕ್ಷ್ಮೀನರಸಿಂಹಯ್ಯನವರು ತಮಗೆ ಗೊತ್ತು: ಶನಿವಾರ ಬೆಳಿಗ್ಗೆ ತಮಗೆ ಬಾಳೆಹಣ್ಣು ಕೊಟ್ಟು ಕೈಮುಗಿದು, ಭಾನುವಾರ ತಮ್ಮನ್ನು ಊರು ಬಿಡಿಸುವ ಚಂದಾಕ್ಕೆ ಮೊದಲು ಹೆಸರು ಬರೆಸುವವರು. ಆ ಚಂದಾದಿಂದ ಕೋತಿ ಹಿಡಿಯುವ ಕದರಯ್ಯನನ್ನು ಕರೆಸಿದೆವು. ಅವನು ಬೋನಿನೊಳಗೆ ಕಡಲೆಕಾಯಿ ಚೆಲ್ಲಿ, ತಾವು ಬಂದು ಕೂತ ಮೇಲೆ ಬಾಗಿಲು ಬೀಳಿಸಿ, ದೇವರಾಯನದುರ್ಗದ ಕಾಡಿಗೆ ಬಿಟ್ಟು ಬರುತ್ತೇನೆಂದು ಲಾರಿಗೆ ಏರಿಸಿಕೊಂಡು ಹೋದ. ಬೀದಿಯಲ್ಲಿ ಸಿಹಿ ಹಂಚಿದೆವು. ತಾವು ಹೊಟ್ಟೆತುಂಬ ತಿಂದು ಹೋಗಲಿ, ಕಾಡಿನಲ್ಲಿ ಸುಖವಾಗಿರಲಿ ಎಂದು ಹೆಂಗಸರು ಹರಸಿದರು. ತಾವು ಸುಖವಾಗಿಯೇ ಇದ್ದಿರಿ, ಗುಬ್ಬಿ ತಾಲ್ಲೂಕಿನ ಸಿ.ಎಸ್. ಪುರದ ತೆಂಗಿನತೋಟಗಳಲ್ಲಿ.

ಇದು ಗೊತ್ತಾದದ್ದು ಲಕ್ಷ್ಮೀನರಸಿಂಹಯ್ಯನವರ ಅಕ್ಕ ದೊಡ್ಡಗಂಗಮ್ಮನವರು ಸಿ.ಎಸ್. ಪುರದಿಂದ ತಮ್ಮನ ಮನೆಗೆ ಬಂದ ದಿನ. ಅವರು ಎಳನೀರಿನ ಚೀಲವನ್ನು ಕೆಳಗಿಡುವ ಮೊದಲೇ ನಮ್ಮ ಮರದತ್ತ ತಲೆಯೆತ್ತಿ ಕೂಗಿಕೊಂಡರು: "ಅಯ್ಯೋ, ಇದು ನಮ್ಮೂರ ಹರುಕಿವಿ ಕಣ್ಲಾ ತಮ್ಮ! ದೀಪಾವಳಿಗೆ ಮುಂಚೆ ಊರೋರೆಲ್ಲ ಸೇರ್ಕಂಡು ಇದುನ್ನ ಹಿಡ್ಸಿ ಕಳಿಸಿದ್ವಲ್ಲ!" ಲಕ್ಷ್ಮೀನರಸಿಂಹಯ್ಯನವರು ಬೆವರೊರೆಸಿಕೊಂಡು, "ನಿಮ್ಮೂರುದಲ್ಲ ಅಕ್ಕಯ್ಯ, ನಮ್ದು. ಯುಗಾದಿಗೆ ನಾವೇ ಕಳ್ಸಿದ್ದು" ಎಂದರು. ಯಾರ ಕೋತಿ ಎಂಬುದರ ಮೇಲೆ ಅಕ್ಕತಮ್ಮಂದಿರು ಮುಸ್ಸಂಜೆಯವರೆಗೆ ವಾದಿಸಿದರು. ಇಬ್ಬರಿಗೂ ತಮ್ಮ ಮೇಲೆ ಹಕ್ಕು ಬೇಕಾಗಿತ್ತು, ತಾವು ಮಾತ್ರ ಬೇಡವಾಗಿತ್ತು. ಕದರಯ್ಯನನ್ನು ಹಿಡಿದು ಕೇಳಿದಾಗ ಅವನಿಗೆ ಸಂಕೋಚವೇನೂ ಆಗಲಿಲ್ಲ. "ದುರ್ಗದೋರು ಬಿಡಕ್ಕೆ ಬುಡಕಿಲ್ಲ ಸಾಮಿ, ಅಲ್ಲಿರವುಕ್ಕೇ ಸಾಲ್ದು ಅಂತಾರೆ. ಅದುಕ್ಕೆ ಗುಬ್ಬಿ ಕಡೀಕ್ ಬಿಟ್ಟೆ. ಅವ್ರು ಕರುದ್ರು, ಕುಣಿಗಲ್ ಕಡೆ ಕೊತ್ತಗೆರೆ ತಾವ ಬಿಟ್ಟೆ. ಅವ್ರೂ ಕರುದ್ರು. ಇನ್ನೆಲ್ಲಿಗ್ ಬಿಡನ, ಅದ್ರ ಮನೆಗೇ ತಂದ್ ಬಿಟ್ಟೆ."

ಮೂರು ಊರಿನವರೂ ಚಂದಾ ಎತ್ತಿ, ಸಿಹಿ ಹಂಚಿ, ಒಬ್ಬನದೇ ಲಾರಿಯಲ್ಲಿ ಒಂದೇ ಸಂಸಾರವನ್ನು ಪರಸ್ಪರ ಉಡುಗೊರೆ ಕೊಟ್ಟುಕೊಳ್ಳುತ್ತಿದ್ದೆವೆಂದು ತಿಳಿದು ನನಗೆ ಅವಮಾನಕ್ಕಿಂತ ಅಸೂಯೆಯೇ ಹೆಚ್ಚಾಯಿತು. ನನ್ನ ಬಂಧುಗಳು ನನ್ನನ್ನು ಇಷ್ಟು ಮುತುವರ್ಜಿಯಿಂದ ಎಲ್ಲಿಗೂ ಕರೆದುಕೊಂಡು ಹೋದದ್ದಿಲ್ಲ.

ತಾವು ಹೆಚ್ಚಾಗಿದ್ದೀರಿ ಎಂಬುದು ಸಂಘದ ಅಧ್ಯಕ್ಷ ಮೋಹನ್‌ಕುಮಾರ್ ಅವರ ಮುಖ್ಯ ಆಕ್ಷೇಪ. ಅವರು ಇದನ್ನು ತಮ್ಮ ಮನೆಯ ಮೇಲೆ ಕಟ್ಟಿಸುತ್ತಿರುವ ಮನೆಯ ಮೇಲಿನ ಮನೆಯಲ್ಲಿ ನಿಂತು ಹೇಳಿದರು. ನಾನೂ ಒಪ್ಪಿದೆ. ಕೋಟೆ ಬೀದಿಯ ಹಳೆಯ ಮನೆಯಲ್ಲಿ ನಾವು ಅಣ್ಣತಮ್ಮಂದಿರು, ಅಕ್ಕತಂಗಿಯರು ಒಂದೇ ಚಾಪೆಯ ಮೇಲೆ ಸಾಲಾಗಿ ಮಲಗುತ್ತಿದ್ದೆವು. ಈಗ ಪ್ರತಿಯೊಬ್ಬರಿಗೂ ಒಂದೊಂದು ಮನೆ, ಪ್ರತಿ ಮನೆಗೂ ಯಾರೂ ಮಲಗದ ಒಂದು ಕೋಣೆ. ಮಕ್ಕಳನ್ನು ಕಡಿಮೆ ಮಾಡಿಕೊಳ್ಳಿ ಎಂದು ಸರ್ಕಾರ ಗೋಡೆಯ ಮೇಲೆ ಬರೆಸಿದ್ದನ್ನು ನಾವು ತಲೆಬಾಗಿ ಪಾಲಿಸಿ, ಉಳಿದ ಜಾಗವನ್ನು ಸಾಮಾನುಗಳಿಗೆ ಕೊಟ್ಟೆವು. ನನ್ನ ಮಗಳು ಸಾದಿಯಾ ಒಬ್ಬಳೇ. ಆದರೆ ನಮ್ಮ ಮನೆಯ ಕುರ್ಚಿಗಳಿಗೆ ಯಾರೂ ಆಪರೇಷನ್ ಮಾಡಿಸಿದಂತೆ ಕಾಣುವುದಿಲ್ಲ.

ಈ ದೃಷ್ಟಿಯಿಂದ ತಮ್ಮ ಜೀವನಕ್ರಮ ಬಹಳ ಹಿಂದುಳಿದದ್ದೆಂದು ವಿಷಾದದಿಂದ ತಿಳಿಸಬೇಕಾಗಿದೆ. ತಮ್ಮ ಉಗ್ರಾಣ ತಮ್ಮ ಕೆನ್ನೆಯೊಳಗಿನ ಚೀಲವೊಂದೇ. ಅದು ತುಂಬಿದರೆ ಸುಗ್ಗಿ ಮುಗಿಯಿತು. ತಾವು ಮರ ಹತ್ತಿ ಒಬ್ಬರ ತಲೆಯಲ್ಲಿ ಇನ್ನೊಬ್ಬರು ಹೇನು ನೋಡುತ್ತ ಕೂರುತ್ತೀರಿ. ನಮ್ಮ ಮನೆಯಲ್ಲಿ ಒಂದು ಫ್ರಿಜ್ಜು, ಅದರಲ್ಲಿ ಹಿಡಿಸದ್ದಕ್ಕೆ ಇನ್ನೊಂದು ಫ್ರಿಜ್ಜು, ಎರಡರಲ್ಲೂ ಕೆಟ್ಟದ್ದನ್ನು ಹಾಕಲು ಹೊರಗೆ ಒಂದು ಡ್ರಮ್ಮು ಇದೆ. ಆ ಡ್ರಮ್ಮಿಗೆ ತಾವು ಕೈಹಾಕಿದರೆ ಅದು ಕಳ್ಳತನ. ಆದ್ದರಿಂದ ತಾವು ದಯವಿಟ್ಟು ಕೆನ್ನೆಗಳನ್ನು ದೊಡ್ಡದು ಮಾಡಿಸಿಕೊಳ್ಳಬೇಕು. ಹಸಿವಾಗದಿದ್ದಾಗಲೂ ತಿನ್ನುವುದನ್ನು ರೂಢಿಸಿಕೊಳ್ಳಬೇಕು. ಇರುವ ಕೊಂಬೆ ಚೆನ್ನಾಗಿದ್ದರೂ ಪಕ್ಕದ ಕೊಂಬೆಯನ್ನು ಮಗನ ಹೆಸರಿಗೆ ಹಿಡಿದಿಡಬೇಕು. ಇಷ್ಟು ಮಾಡಿದರೆ ತಮ್ಮನ್ನು ಕೋತಿಗಳೆಂದು ಯಾರೂ ಹಿಡಿಸುವುದಿಲ್ಲ, ನಿವಾಸಿಗಳೆಂದು ಕರೆಯುತ್ತಾರೆ.

ನಾನು ಇಲ್ಲಿನ ನಿವಾಸಿಯಾದದ್ದು ಹೇಗೆಂಬುದನ್ನು ತಮ್ಮ ಹಿರಿಯರು ಮೇಲಿಂದ ನೋಡಿರಬಹುದು. ತೊಂಬತ್ತರ ದಶಕದ ನಡುವೆ ಇಲ್ಲಿ ನಿಜವಾಗಿಯೂ ಮಾವಿನತೋಪಿತ್ತು. ಅದನ್ನು ಕಡಿದಾದ ಮೇಲೆಯೇ ಬಡಾವಣೆಗೆ ಆ ಹೆಸರಿಟ್ಟದ್ದು. ಸೈಟು ಮಾರುವವರು ಭಾನುವಾರಗಳಂದು ಟೌನ್‌ಹಾಲ್ ಮುಂದಿನಿಂದ ವ್ಯಾನು ಬಿಡುತ್ತಿದ್ದರು, ಊಟ ಅವರದೇ. ಸೈಟು ಕೊಳ್ಳುವ ಯೋಚನೆ ನನಗಿರಲಿಲ್ಲ, ಊಟದ ಯೋಚನೆ ಇತ್ತು. ಬಾನುವನ್ನೂ ಕರೆದುಕೊಂಡು ಹತ್ತಿದೆ. ತೋಪಿನಲ್ಲಿ ಉಳಿದಿದ್ದ ಈ ಒಂದೇ ಗೋಣಿಮರದ ಕೆಳಗೆ ಎಲೆ ಹಾಕಿ ಪಲಾವು, ಮೈಸೂರುಪಾಕು ಬಡಿಸಿದರು. ಉಂಡು ಕೈತೊಳೆಯುವಷ್ಟರಲ್ಲಿ ನಾನು ಮೂಲೆ ಸೈಟಿಗೆ ಮುಂಗಡ ಕೊಟ್ಟಿದ್ದೆ. ಮರವಿದ್ದ ಸೈಟು ಬೇರೆ ಯಾರಿಗೂ ಬೇಕಿರಲಿಲ್ಲ.

ಈಗ ನೆನಪಾಯಿತು. "ಎಲ್ಲಿ ನೋಡುದ್ರೂ ಇವೇ" ಎಂಬ ಆ ಮಾತು ಅಂದದ್ದು ಗಿರಿಯಮ್ಮ ಎಂಬ ಮುದುಕಿ, ತೋಪಿನಲ್ಲಿ ಮೇಕೆ ಮೇಯಿಸಿಕೊಂಡಿದ್ದವಳು. ವ್ಯಾನುಗಳಿಂದ ನಾವು ಗುಂಪುಗುಂಪಾಗಿ ಇಳಿಯುವುದನ್ನು ಕೋಲೂರಿ ನಿಂತು ನೋಡುತ್ತ ಅಂದಿದ್ದಳು. ಅಂದರೆ ಪತ್ರದ ಮೊದಲ ವಾಕ್ಯವನ್ನು ನಾನು ತಪ್ಪು ವಿಳಾಸಕ್ಕೆ ಬರೆದಿದ್ದೇನೆ, ಕ್ಷಮಿಸಬೇಕು.

ಇನ್ನು ಸಂಘದ ಸಭೆಯ ವರದಿ. ತಾವು ಅಂದು ಮೇಲೆಯೇ ಇದ್ದಿರಾದರೂ ಕಡಲೆಕಾಯಿ ಬಿಡಿಸುವ ಗಡಿಬಿಡಿಯಲ್ಲಿ ಪೂರ್ತಿ ಕೇಳಿಸಿಕೊಂಡಂತೆ ಕಾಣಲಿಲ್ಲ. ಬಡಾವಣೆಯಲ್ಲಿ ಬೇರೆಲ್ಲೂ ನೆರಳಿಲ್ಲವಾದ್ದರಿಂದ ಮರ ಕಡಿಯುವ ಸಭೆಯನ್ನು ಎಂದಿನಂತೆ ಮರದ ಕೆಳಗೇ ಕರೆಯಲಾಗಿತ್ತು. ಬಿಸಿಲು ಜರುಗಿದಂತೆಲ್ಲ ಸದಸ್ಯರು ಪ್ಲಾಸ್ಟಿಕ್ ಕುರ್ಚಿಗಳನ್ನು ನೆರಳಿನ ಹಿಂದೆ ಎಳೆದುಕೊಂಡು, ಎಳೆದುಕೊಂಡು ಮರದ ಅಪಾಯಗಳನ್ನು ವಿವರಿಸಿದರು. ಗೋಡೆ ಬಿರುಕು ಬಿಡುತ್ತದೆ, ಕಸ ಬೀಳುತ್ತದೆ, ಕೋತಿ ಬರುತ್ತದೆ. ಹೀಗೆ ಪಶ್ಚಿಮದಿಂದ ಹೊರಟ ಸಭೆ ಪೂರ್ವಕ್ಕೆ ಬಂದು, ನಮ್ಮ ಗೇಟನ್ನು ದಾಟಿ, ರಸ್ತೆಯ ಮಧ್ಯದಲ್ಲಿ ಸರ್ವಾನುಮತಕ್ಕೆ ತಲುಪಿತು. ಎಲ್ಲರೂ ನನ್ನತ್ತ ತಿರುಗಿದರು.

ಬಾನು ಗೇಟಿನ ಬಳಿ ನಿಂತಿದ್ದಳು. ಶಾವಿಗೆಯ ಸಿಟ್ಟು ಇನ್ನೂ ಇಳಿದಿರಲಿಲ್ಲ, ಆದ್ದರಿಂದ ಅವಳು ಸಂಘದ ಪರವೆಂದೇ ನಾನು ಎಣಿಸಿದ್ದೆ. ಅವಳು ಮೋಹನ್‌ಕುಮಾರ್ ಅವರನ್ನು ಮರ್ಯಾದೆಯಿಂದಲೇ ಕೇಳಿದಳು: "ಮುಂದಿನ ತಿಂಗ್ಳು ಮೀಟಿಂಗ್ ಎಲ್ಲಿ ಮಾಡ್ತೀರಣ್ಣ?" ಅವರು ಆಕಾಶ ನೋಡಿ, ಬೋಳು ರಸ್ತೆ ನೋಡಿ, "ಅದನ್ನ ಮುಂದಿನ್ ಮೀಟಿಂಗಲ್ಲಿ ಡಿಸೈಡ್ ಮಾಡಣ ಬುಡ್ರಮ್ಮ" ಎಂದರು. ಹಾಗಿದ್ದರೆ ಮರದ ವಿಷಯವನ್ನು ಅದರ ನಂತರ ನೋಡೋಣ ಎಂದು ನಾನು ಹೇಳಿದೆ. ಧೈರ್ಯದಿಂದೇನೂ ಹೇಳಿದ್ದಲ್ಲ, ಒಳಗೆ ಹೋಗಿ ರಾತ್ರಿ ಅವಳ ಕೈಯಲ್ಲಿ ಊಟ ಮಾಡಬೇಕಾದವನು ನಾನೇ ಆಗಿದ್ದುದರಿಂದ ಹೇಳಿದೆ.

ಅಂದಿನಿಂದ ತಮ್ಮ ಎಲ್ಲ ಕೃತ್ಯಗಳಿಗೂ ನಾನೇ ಜವಾಬ್ದಾರ. ಯಾರ ಮನೆಯ ಹಪ್ಪಳ ಹೋದರೂ "ಪಾಷಾ ಸಾಹೇಬ್ರೇ, ನಿಮ್ಮೋರು ಬಂದಿದ್ರು" ಎಂದು ಲಕ್ಷ್ಮೀನರಸಿಂಹಯ್ಯನವರು ರಸ್ತೆಯಿಂದಲೇ ಕೂಗಿ ಹೇಳುತ್ತಾರೆ. ತಾವು ಇದನ್ನು ದೂರೆಂದು ತಿಳಿಯಬಾರದು. ಈ ಬಡಾವಣೆಯಲ್ಲಿ ಇಷ್ಟು ವರ್ಷವಿದ್ದೂ ನನ್ನವರೆಂದು ಯಾರನ್ನೂ ಯಾರೂ ಗುರುತಿಸಿಕೊಟ್ಟಿರಲಿಲ್ಲ.

ಆದ್ದರಿಂದ ಮಾನ್ಯರು ದಯಮಾಡಿ ಶಾವಿಗೆಯನ್ನು ಮುಟ್ಟಬಾರದೆಂದೂ, ಮುಟ್ಟಿದರೆ ಪೂರ್ತಿ ತಿನ್ನಬೇಕೆಂದೂ, ಮುಂದಿನ ಸಭೆಗೆ ಸಕಾಲಕ್ಕೆ ಬಂದು ಮರದ ಇನ್ನೊಬ್ಬ ನಿವಾಸಿಯಾಗಿ ತಮ್ಮ ಅಭಿಪ್ರಾಯವನ್ನು ದಾಖಲಿಸಬೇಕೆಂದೂ ಕೋರುತ್ತೇನೆ. ಕನ್ನಡಕ ತಮ್ಮಲ್ಲೇ ಇರಲಿ. ಅದರಲ್ಲಿ ಹತ್ತಿರದ್ದು ಮಾತ್ರ ಕಾಣುತ್ತದೆ, ದೂರದ್ದು ಮಸುಕು. ನಮ್ಮ ಊರಿನಲ್ಲಿ ಬದುಕಲು ಅಷ್ಟು ಸಾಕು.

ಇಂತು, ತಮ್ಮ ಮರದ ಬುಡದಲ್ಲಿ ಸದ್ಯಕ್ಕೆ ವಾಸವಿರುವ
ತಮ್ಮ ವಿಶ್ವಾಸಿ,
ಅಕ್ರಂ ಪಾಷಾ

ಮರೆತಿದ್ದ ಮಾತು: ಪತ್ರ ಮುಗಿಸುವಷ್ಟರಲ್ಲಿ ತಮ್ಮನ್ನು ಕದರಯ್ಯ ಮತ್ತೆ ಕರೆದೊಯ್ದನೆಂದು ತಿಳಿಯಿತು. ಈ ಸಲ ಖಂಡಿತವಾಗಿ ದೇವರಾಯನದುರ್ಗದ ತಪ್ಪಲಿಗೆ, ಆಣೆ ಮಾಡಿ ಹೇಳಿ ಹೋಗಿದ್ದಾನಂತೆ. ಕಾಕತಾಳೀಯವೆಂದರೆ ಅದೇ ತಪ್ಪಲಿನಲ್ಲಿ ಹೊಸ ಬಡಾವಣೆಯೊಂದು ಆಗುತ್ತಿದ್ದು, ಹೆಸರು ಕರಡಿವನ ಎಂದಿಟ್ಟಿದ್ದಾರೆ. ಕರಡಿಗಳ ಗತಿ ಏನಾಯಿತೆಂದು ಅದರಿಂದ ತಿಳಿಯಬಹುದು. ಸೈಟು ತೋರಿಸುವ ವ್ಯಾನು ಬೆಳಿಗ್ಗೆಯಿಂದ ನಮ್ಮ ಗೋಣಿಮರದ ನೆರಳಿನಲ್ಲಿ ನಿಂತಿದೆ. ಮೋಹನ್‌ಕುಮಾರ್ ಮುಂದಿನ ಸೀಟಿನಲ್ಲಿದ್ದಾರೆ, ಲಕ್ಷ್ಮೀನರಸಿಂಹಯ್ಯನವರು ಕಿಟಕಿ ಹಿಡಿದಿದ್ದಾರೆ. "ಬನ್ನಿ ಪಾಷಾ ಸಾಹೇಬ್ರೇ, ಊಟ ಅವ್ರುದೇ. ಇದುನ್ನ ಮಾರಿ ಅಲ್ಲೇ ಒಂದು ತಗಂಡ್ರೆ ನಿಮ್ಗೂ ಮರದ ತಲೆನೋವು ತಪ್ತದೆ" ಎಂದು ಕರೆಯುತ್ತಿದ್ದಾರೆ. ಬಾನು ಮನೆಯೊಳಗಿದ್ದಾಳೆ, ಅವಳನ್ನು ಕೇಳಲು ನನಗೆ ಧೈರ್ಯವಿಲ್ಲ. ಹಿಂದಿನ ಸೀಟು ಖಾಲಿಯಿದೆ, ಬಾಗಿಲು ತೆರೆದಿದೆ, ಒಳಗಿನ ಪಾತ್ರೆಯಿಂದ ಪಲಾವಿನ ವಾಸನೆ ಬರುತ್ತಿದೆ. ಬೋನಿನ ವಿಷಯದಲ್ಲಿ ನನಗಿಂತ ಅನುಭವಸ್ಥರಾದ ತಾವೇ ಹೇಳಬೇಕು: ನಾನು ಹತ್ತಲೇ?