ಜೈಲಿನ ಗೇಟಿನಲ್ಲಿ ಉಡದಾರ

ಬರವಣಿಗೆ ಎಂದರೆ ನನಗೆ ನೀರು ಕುಡಿದಷ್ಟು ಸುಲಭ. ಹೈಸ್ಕೂಲಿನ ಪ್ರಬಂಧ ಸ್ಪರ್ಧೆಯಲ್ಲಿ ಸಮಾಧಾನಕರ ಬಹುಮಾನ ಗೆದ್ದವನು ನಾನು! ಆದ್ದರಿಂದ ಜರ್ಮನಿಯ ಡಾರ್ಮ್‌ಸ್ಟಾಟಿನಲ್ಲಿ ಗೇರ್‌ಬಾಕ್ಸಿನ ಮೇಲೆ ಪಿಎಚ್‌ಡಿ ಮಾಡುತ್ತಿದ್ದರೂ, ವಿದ್ಯಾರ್ಥಿಗಳೂ ಕೈದಿಗಳೂ ಜೈಲಿನಲ್ಲೇ ಜೊತೆಗೆ ಕೂತು ಬರೆಯುವ ತರಗತಿಗೆ ಹೆಸರು ಕೊಟ್ಟೆ. ಪಾಪ, ಅವರಿಗೆ ನಾಲ್ಕಕ್ಷರ ಕಲಿಸಿ ಬರೋಣ ಎಂಬ ಘನ ಉದ್ದೇಶ.

ಮೊದಲ ದಿನ ಹೆಂಡತಿ ಸವಿತಾ ಸ್ಟೀಲ್ ಡಬ್ಬಿ ಹಿಡಿದು ಬಂದಳು.

“ಮಂದಿ ಕಡೆ ಬರಿಗೈಲೆ ಹೋಗ್ತೀರೇನ್ರಿ? ಕರದಂಟು ಒಯ್ರಿ.”

“ಅದು ಜೈಲ್ ಐತ್ಲೇ!”

“ಜೈಲಾದ್ರೇನಾತು? ಒಳಗಿರೋರೂ ಮಂದೀನ ಅಲ್ಲೇನು?”

ಡಬ್ಬಿ ಹಿಡಿದು ಹೊರಟೆ. ಅವಳ ತರ್ಕಕ್ಕೆ ಉತ್ತರ ಜೈಲಿನ ಗೇಟಿನ ಅಧಿಕಾರಿಯ ಬಳಿ ಇತ್ತು. ಡಬ್ಬಿ ಲಾಕರ್ ಸೇರಿತು. ಕರದಂಟು ಎಂದರೇನೆಂದು ವಿವರಿಸುವುದರಲ್ಲಿ ನನ್ನ ಜರ್ಮನ್ ಎಲ್ಲ ಖರ್ಚಾಗಿ ಹೋಯಿತು.

ತರಗತಿಯಲ್ಲಿ ನನಗೆ ಜೋಡಿಯಾದ ಕೈದಿ ಬ್ರಾಂಟ್ ಎಂಬವರು. ಐವತ್ತರ ಆಸುಪಾಸು, ಮಾತು ಕಡಿಮೆ. ಒಬ್ಬರು ಬರೆದದ್ದನ್ನು ಇನ್ನೊಬ್ಬರು ಓದಿ ತಿದ್ದಬೇಕು. ನಾನು ಸ್ವಾತಂತ್ರ್ಯದ ಬಗ್ಗೆ ಆರು ಪುಟ ಗೀಚಿದ್ದೆ. ಅದರಲ್ಲಿ ಹಕ್ಕಿಗಳಿದ್ದವು, ಸಮುದ್ರವೂ ಇತ್ತು. ಬ್ರಾಂಟ್ ಪೂರ್ತಿ ಓದಿ ಕನ್ನಡಕ ತೆಗೆದರು.

“ಚೆನ್ನಾಗಿದೆ. ಇದರಲ್ಲಿ ನೀವು ಎಲ್ಲಿದ್ದೀರಿ?”

ಹುಡುಕಿದೆ. ಎಲ್ಲೂ ಇರಲಿಲ್ಲ!

ಅವರದು ಒಂದೇ ಪುಟ. ಮಗಳಿಗೆ ಜಡೆ ಹಾಕಲು ಕಲಿತದ್ದು. ಆರು ವರ್ಷದ ಹುಡುಗಿ ಬಾಚಣಿಗೆ ಕಚ್ಚಿಕೊಂಡೇ ‘ಇನ್ನೂ ಬಿಗಿ, ಪಪ್ಪಾ’ ಎನ್ನುತ್ತಾಳೆ. ನೋವಾದೀತೆಂದು ಅಪ್ಪ ಎಳೆಯಲು ಹೆದರುತ್ತಾನೆ. ಶಾಲೆ ಬಿಡುವಷ್ಟರಲ್ಲಿ ಜಡೆ ಬಿಚ್ಚಿಹೋಗಿರುತ್ತದೆ. ಅಷ್ಟೇ.  ಹೀಗೂ ಬರೆಯಬಹುದೇ! ತಿದ್ದಲೆಂದು ತಂದಿದ್ದ ಕೆಂಪು ಪೆನ್ನನ್ನು ಮೆಲ್ಲಗೆ ಜೇಬಿಗೆ ಇಳಿಸಿದೆ.

ಕೊನೆಯ ದಿನ ಕೈದಿಗಳ ಮನೆಯವರ ಎದುರು ಓದುವ ಕಾರ್ಯಕ್ರಮ. ಬ್ರಾಂಟರ ಮಗಳು ಎಷ್ಟೋ ವರ್ಷಗಳ ಮೇಲೆ ಮೊದಲ ಸಲ ಅಪ್ಪನನ್ನು ನೋಡಲು ಬರುವವಳಿದ್ದಳು. “ಅವಳೆದುರು ಓದುವುದು ನನ್ನಿಂದಾಗದು. ನನ್ನ ಪುಟ ನೀವೇ ಓದಿಬಿಡಿ,” ಎಂದರು. ಎದೆ ತಟ್ಟಿ ಒಪ್ಪಿದೆ. ವಾರವಿಡೀ ಕನ್ನಡಿಯ ಮುಂದೆ ತಾಲೀಮು ನಡೆಯಿತು.

ಆ ಬೆಳಗ್ಗೆ, ಗದಗಿನಿಂದ ಬಂದಿದ್ದ ಅವ್ವ ನನ್ನನ್ನು ತಡೆದಳು. “ಬರೇ ನಡದಾಗ ಒಳ್ಳೆ ಕೆಲಸಕ್ಕ ಹೋಗಬಾರ್ದಪ್ಪಾ.” ಸೊಂಟಕ್ಕೆ ಬೆಳ್ಳಿ ಉಡದಾರ ಹಾಕಿ, ಜಾರದಂತೆ ಕೆಂಪು ದಾರದಿಂದ ಗಂಟು ಬಿಗಿದಳು.

ಗೇಟಿನ ಯಂತ್ರ ಕೂಗಿತು. ಬೆಲ್ಟ್ ತೆಗೆದೆ. ಕೂಗಿತು. ಶೂ ತೆಗೆದೆ. ಇನ್ನೂ ಜೋರಾಗಿ ಕೂಗಿತು! ಅಧಿಕಾರಿ ಅಂಗಿ ಎತ್ತಿಸಿ ನೋಡಿದ.

“ಏನಿದು?”

“ಉಡದಾರ.”

“ಯಾಕೆ?”

“ಅಮ್ಮ ಕಟ್ಟಿದ್ದಾರೆ.”

“ಬಿಚ್ಚಿ.”

ಅವ್ವನ ಗಂಟು ಬಿಚ್ಚುವುದೇ? ಅದಕ್ಕಿಂತ ಪಿಎಚ್‌ಡಿ ಸಲೀಸು. ಕತ್ತರಿ ಕೇಳಿದೆ. ಜೈಲಿನ ಗೇಟಿಗೆ ಕತ್ತರಿ ತರಿಸಲು ಮೇಲಿನವರ ಅನುಮತಿ ಬೇಕಂತೆ! ಅನುಮತಿ ಬಂತು, ಕತ್ತರಿ ಬಂತು, ಹಿಂದೆಯೇ ತುಂಬಿಕೊಡಲು ಒಂದು ಫಾರ್ಮ್ ಬಂತು. ‘ವಸ್ತುವಿನ ಉಪಯೋಗ’ ಎಂಬಲ್ಲಿ ‘ಅಮ್ಮ’ ಎಂದು ತುಂಬಿದೆ.

ಓಡೋಡಿ ಹೋದರೆ ಬ್ರಾಂಟ್ ತಾವೇ ಎದ್ದು ನಿಂತು ಓದುತ್ತಿದ್ದರು. ಕೈಯಲ್ಲಿ ಅದೇ ಒಂದು ಹಾಳೆ. ಬಾಚಣಿಗೆಯ ಜಾಗಕ್ಕೆ ಬಂದಾಗ ದನಿ ನಿಂತೇಹೋಯಿತು. ಆಗ ಮುಂದಿನ ಸಾಲಿನಲ್ಲಿದ್ದ ತರುಣಿಯೊಬ್ಬಳು ಮೆಲ್ಲಗೆ, “ಇನ್ನೂ ಬಿಗಿ, ಪಪ್ಪಾ,” ಎಂದಳು. ಅವಳ ಬಳಿ ಆ ಹಾಳೆ ಇರಲಿಲ್ಲ. ಅವಳಿಗೆ ನೆನಪಿತ್ತು! ಬ್ರಾಂಟ್ ಮಗಳನ್ನೇ ನೋಡುತ್ತ ಉಳಿದದ್ದನ್ನು ಓದಿ ಮುಗಿಸಿದರು. ನನ್ನ ಕಣ್ಣು ತುಂಬಿತು. ಅಂಥದ್ದನ್ನು ನಾನು ಈ ಜನ್ಮದಲ್ಲಿ ಕಂಡಿರಲಿಲ್ಲ.

ಆಮೇಲೆ ಅವರು ಬಂದು ನನ್ನ ಕೈ ಹಿಡಿದುಕೊಂಡರು. “ತಡವಾಗಿ ಬಂದಿರಲ್ಲ, ತುಂಬಾ ಉಪಕಾರವಾಯಿತು!”

ಮನೆಗೆ ಬಂದೊಡನೆ ಅವ್ವ ಕೇಳಿದಳು, “ಹೆಂಗಾತಪ್ಪಾ ಕಾರ್ಯಕ್ರಮ?”

“ಭಾಳ ಛಲೋ ಆತವ್ವಾ. ಮಂದಿ ಎಲ್ಲಾ ಅತ್ತುಬಿಟ್ರು.”

“ಅಷ್ಟು ಛಂದ ಓದಿದೇನು ನೀ?”

“ಇಲ್ಲವ್ವಾ. ನಾ ಹೊರಗ ಪ್ಯಾಂಟ್ ಹಿಡ್ಕೊಂಡು ನಿಂತಿದ್ದೆ.”