ಧರ್ಮವಿಲ್ಲದ ದೇಶದಲ್ಲಿ ಒಂದು ಸಾವು

ದೇವರನ್ನು ಬಿಡುವುದು ಸುಲಭ. ಬಿಟ್ಟಮೇಲೆ ಬಾಯಲ್ಲಿ ಏನಿಟ್ಟುಕೊಳ್ಳಬೇಕೆಂಬುದೇ ಕಷ್ಟ. ಶಿಡ್ಲಘಟ್ಟದ ಹೈಸ್ಕೂಲಿನಲ್ಲಿ ಪಾಠ ಹೇಳುವ ನಾನು ಮೂರು ವರ್ಷದಿಂದ ಒಂದು ಕಾದಂಬರಿ ಬರೆಯುತ್ತಿದ್ದೇನೆ. ಅದರಲ್ಲೊಂದು ದೇಶ, ಅಲ್ಲಿ ಧರ್ಮವೆಂಬುದು ಹುಟ್ಟಿಯೇ ಇಲ್ಲ. ಮೊದಲ ಪುಟದಲ್ಲೇ ನನ್ನ ನಾಯಕ ಕಲ್ಲು ಎಡವಿ "ಅಯ್ಯೋ ದೇವ್ರೇ" ಎಂದುಬಿಟ್ಟ. ಹೊಡೆದುಹಾಕಿ "ಅಯ್ಯೋ" ಅಷ್ಟೇ ಉಳಿಸಿದೆ. ಆಮೇಲೆ ಅವನು ಆಣೆ ಇಡಬೇಕಾಯಿತು. ಯಾರ ಮೇಲೆ? ಒಂದು ವಾರ ಪಾಪ ಕೈಯೆತ್ತಿಕೊಂಡೇ ನಿಂತಿದ್ದ.

ಬರೆದದ್ದನ್ನು ಓದುತ್ತಿದ್ದವನು ಒಬ್ಬನೇ, ಚಿಂತಾಮಣಿಯಲ್ಲಿದ್ದ ನನ್ನ ಅಣ್ಣ. ನಿವೃತ್ತ ಗುಮಾಸ್ತ, ನನಗಿಂತ ಗಟ್ಟಿ ನಾಸ್ತಿಕ. "ನಿನ್ನ ದೇಶದೋರು ಬರೀ ಭಾಷಣ ಮಾಡ್ತಾರೆ ಕಣೋ. ಒಬ್ರಾದ್ರೂ ಸಾಯ್ಲಿ, ಆಗ ನಿಜವಾದ ಜನ ಅನ್ನಿಸ್ತಾರೆ" ಎನ್ನುತ್ತಿದ್ದ. ಕಳೆದ ಶ್ರಾವಣದಲ್ಲಿ ಒಂದು ಬೆಳಗ್ಗೆ ಅವನೇ ಕಾಫಿಗೆ ಏಳಲಿಲ್ಲ.

ಯಾವ ಕರ್ಮವೂ ಬೇಡ, ದೇಹವನ್ನು ಮೆಡಿಕಲ್ ಕಾಲೇಜಿಗೆ ಕೊಡಿ ಎಂದು ಬರೆದಿಟ್ಟಿದ್ದ. ಕೊಟ್ಟೆವು. ಗಾಡಿ ಹೋದಮೇಲೆ ಬಾಗಿಲಲ್ಲಿ ನಿಂತವರಿಗೆ ಮುಂದೇನೆಂದು ತಿಳಿಯಲಿಲ್ಲ. ಸ್ನಾನ ಮಾಡಬೇಕೋ, ಕಾಫಿ ಕುಡಿಯಬಹುದೋ? ನನ್ನನ್ನೇ ಕೇಳಿದರು. ಮೂರು ವರ್ಷ ಇಂಥದೇ ಸಮಾಜ ಕಟ್ಟಿದವನಿಗೆ ಉತ್ತರ ಹೊಳೆಯಲಿಲ್ಲ. ಒಬ್ಬೊಬ್ಬರೇ ಚಪ್ಪಲಿ ಮೆಟ್ಟಿಕೊಂಡು ಹೊರಟರು. ಹತ್ತು ದಿನ ಅತ್ತಿಗೆ ಬಾಗಿಲು ನೋಡುತ್ತ ಕೂತರು, ಒಂದು ಹನಿ ಕಣ್ಣೀರಿಲ್ಲದೆ. ಯಾವ ದಿನ ಬರಬೇಕೆಂದು ಯಾರಿಗೂ ಗೊತ್ತಿರಲಿಲ್ಲ. ಹಾಗಾಗಿ ಯಾರೂ ಬರಲಿಲ್ಲ.

ನನಗೆ ನೋಡಲಾಗಲಿಲ್ಲ. ನೆಂಟರಿಗೆ, ಅವನ ಕಚೇರಿಯ ಗೆಳೆಯರಿಗೆ ಫೋನ್ ಮಾಡಿ ಮರುದಿನಕ್ಕೆ ಕರೆದೆ. ಅವನಿಗಿಷ್ಟವಾದ ಮುದ್ದೆ, ಹುರುಳಿಕಾಳಿನ ಬಸ್ಸಾರು ಮಾಡಿಸಿದೆ. ಹಿರಿಯರು ಮೊದಲು ಕೂರಲಿ ಎಂದೆ. ಉಣ್ಣುವ ಮುಂಚೆ ಪ್ರತಿಯೊಬ್ಬರೂ ಅವನದೊಂದು ಮಾತು ನೆನೆಯಬೇಕೆಂದೆ. ಅವನ ಕುರ್ಚಿಯಲ್ಲಿ ಕೂರಹೋದವರನ್ನು ಎಬ್ಬಿಸಿದೆ. ಹಳೆಯ ಗುಮಾಸ್ತರೊಬ್ಬರು ಮಾತು ಶುರುಮಾಡಿ, ಮುಗಿಸಲಾರದೆ ಬಿಕ್ಕಿದರು. ಆಗ ಅತ್ತಿಗೆಯೂ ಅತ್ತರು.

ಎಲ್ಲರೂ ಹೋದಮೇಲೆ ನಾನು ಉಬ್ಬಿಕೊಂಡು ಹೇಳಿದೆ, "ಇದನ್ನ ಹಂಗೇ ಕಾದಂಬರೀಲಿ ಹಾಕ್ತೀನಿ ಅತ್ತಿಗೆ. ಧರ್ಮ ಇಲ್ದೋರೂ ಸಾವನ್ನ ಹೆಂಗೆ ಕಳೀತಾರೆ ಅಂತ ಗೊತ್ತಾಗ್ಲಿ."

ಅತ್ತಿಗೆ ಊಟದೆಲೆ ತೆಗೆಯುತ್ತಿದ್ದರು. "ಇವತ್ತು ಹನ್ನೊಂದನೇ ದಿನ ಕಣಪ್ಪ" ಎಂದರು.

"ಅದು ನನ್ ತಲೇಲೇ ಇರ್ಲಿಲ್ಲ!"

"ಅಂತಾನೇ ಸುಮ್ನಿದ್ದೆ. ಇಲ್ಲಿ ಕೂರಿ, ಅದು ಮುಟ್ಬೇಡಿ, ಈಗ ಉಣ್ಣಿ ಅಂತ... ತಿಥಿ ಮಾಡ್ಸೋ ನಮ್ಮೂರ ಐನೋರೂ ಇಷ್ಟು ಜೋರು ಮಾಡ್ತಿರ್ಲಿಲ್ಲ."

ಅಲ್ಲವೆನ್ನಲು ಬಾಯಿ ತೆರೆದೆ. ಆದರೆ ಹೋಗುವವರನ್ನು ಬೀದಿಯ ತನಕ ಕಳಿಸಲು ಹೋದಾಗ, ಮುಂದಿನ ವರ್ಷವೂ ಇದೇ ದಿನ ತಪ್ಪದೆ ಬರಬೇಕೆಂದು ಎಲ್ಲರಿಗೂ ಹೇಳಿಬಿಟ್ಟಿದ್ದೆ.